ಗಂಟು

ಗೊನೆ ಕಡಿದು ಹೋದ ಮೇಲೆ
ದೊಡ್ಡಬಾತಿಯ ತೋಟದಲ್ಲಿ ಬಾಳೆಗೆ ಕೆಲಸವಿಲ್ಲ.
ಬುಡಕ್ಕೆ ಒಂದು ಏಟು, ಬದುವಿಗೆ ಒಂದು ಎಸೆತ,
ಅಲ್ಲೇ ಕೊಳೆತು ಗುಂಗಾಡು ಎಬ್ಬಿಸಿ
ಅಲ್ಲೇ ಮರೆತುಹೋಗುವ ಮೈ.

ಅದನ್ನು ಟ್ರ್ಯಾಕ್ಟರಿಗೆ ಹೇರಿಸಿಕೊಂಡು ಬರುವವಳು ನಾನು.
ದಿಂಡಿಗೆ ಎರಡು ರೂಪಾಯಿ ಎಂದರೆ
ತೋಟದ ಕರಿಬಸಪ್ಪ ನಗುತ್ತಾನೆ:
"ಕಸಕ್ಕೂ ರೇಟು ಕಟ್ಟಿದೆಯಲ್ಲವ್ವಾ,
ನಾಳೆ ನೆರಳಿಗೂ ರಶೀದಿ ಹರಿ."

ಮಂಡಕ್ಕಿ ಭಟ್ಟಿಗಳ ಹಿಂದೆ ನಮ್ಮ ಶೆಡ್ಡು.
ಅತ್ತ ಹೊಟ್ಟು ಉರಿದು ಮಂಡಕ್ಕಿ ಅರಳುತ್ತದೆ,
ಇತ್ತ ಯಂತ್ರದ ಹಲ್ಲಿಗೆ ಸಿಕ್ಕ ದಿಂಡು
ನೀರು ಕಾರುತ್ತದೆ,
ಬರೀ ನೀರು, ಮೋರಿ ತುಂಬುವಷ್ಟು ನೀರು.
ಕಡೆಗೆ ಕೈಯಲ್ಲಿ ಉಳಿಯುವುದು
ಅಜ್ಜಿಯ ಜಡೆಯಷ್ಟು ನಾರು.

ಬಾಳೆಯ ಕರೆ ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ,
ಅಮ್ಮ ಹೊಡೆದು ಕಲಿಸಿದ ಪಾಠ.
ಶಾಲೆಯ ಬಿಳಿ ಅಂಗಿಯ ಮೇಲಿನ ಕಂದು ಚುಕ್ಕಿ
ನಿಂಬೆಗೂ ಜಗ್ಗಲಿಲ್ಲ, ಬಿಸಿಲಿಗೂ ಜಗ್ಗಲಿಲ್ಲ.
ಈಗ ಆ ಕರೆಯ ಒಡಲಿನಿಂದಲೇ ಬಟ್ಟೆ ಬರಬೇಕು.
ಕಲೆಯೇ ಸೀರೆಯಾದರೆ, ಅಮ್ಮಾ,
ತೊಳೆಯುವುದು ಏನನ್ನು?

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತಂತೆ.
ಗಾದೆ ಕಟ್ಟಿದವರು ಯಾರೂ
ದಾರಿಯುದ್ದಕ್ಕೂ ಹೊತ್ತವರು ಯಾರು
ಎಂದು ಕೇಳಿದಂತಿಲ್ಲ.

ಮಾಘ ಕಳೆದು ಒಣಗಾಳಿ ಶುರುವಾಯಿತು.
ನಾರಿಗೆ ನಾರು ಸೇರಿಸಿ
ಲಾಳಿಗೆ ಸುತ್ತುವಷ್ಟರಲ್ಲಿ ಪಟ್ಟೆಂದು ಹರಿಯಿತು.
ಮತ್ತೆ ಸೇರಿಸಿದೆವು, ಮತ್ತೆ ಪಟ್ಟ್.
ಶಾಹಿದಾ ಬೈದಳು, ಎಣ್ಣೆ ಸವರಿದಳು,
ಕೂಸಿಗೆ ಕುಡಿಸಿದಂತೆ ಗಂಜಿ ಕುಡಿಸಿದಳು.
ಮೊಳಕಾಲ್ಮೂರಿನಿಂದ ಬಂದ ಮಗ್ಗದ ಓಬಳೇಶ
ರೇಷ್ಮೆ ಬಲ್ಲ ಬೆರಳಲ್ಲಿ ಎಳೆ ಎತ್ತಿ ನೋಡಿ
"ಇದು ದಾರ ಅಲ್ಲ ಕಣ್ರೀ, ಮುನಿಸು" ಅಂದ.

ಆಗ ಹಾಲವ್ವನನ್ನು ಕರೆಸಿದೆವು.
ಇಪ್ಪತ್ತೊಂದು ವರ್ಷ ಮಿಲ್ಲಿನ ರೀಲಿಂಗ್ ಖಾತೆ.
ಒಂದು ಬೆಳಿಗ್ಗೆ ಮಿಲ್ಲು ಕೂಗಲಿಲ್ಲ.
ಕೂಗದ ಆ ಕೂಗಿಗೆ
ಈಗಲೂ ಆರೂ ಮುಕ್ಕಾಲಿಗೆ ಎದ್ದು ಕೂರುತ್ತಾಳೆ.
ಬರಬೇಕಿದ್ದ ಗಂಟು ಕೋರ್ಟಿನ ಕಡತದಲ್ಲಿ,
ಕಡತ ಯಾವ ಬೀರುವಿನಲ್ಲೋ,
ಬೀರುವಿನ ಕೀಲಿ ಯಾರ ಸೊಂಟದಲ್ಲೋ.

ಬಂದವಳು ದಾರ ಮುಟ್ಟಲಿಲ್ಲ.
ಗೋಡೆ ಮುಟ್ಟಿದಳು. ಗಾಳಿ ಮೂಸಿದಳು.
ಎಂಟು ಗೋಣಿಚೀಲ ತೊಯಿಸಿ
ಬಾಗಿಲಿಗೆ, ಕಿಟಕಿಗೆ ನೇತುಹಾಕಿಸಿದಳು.
"ದಾರಕ್ಕೂ ಬಾಯಾರ್ತೈತಿ ತಾಯಿ.
ಮಿಲ್ಲಿನಾಗೆ ನಮಗೆ ಕುಡಿಯಾಕೆ ನೀರಿಲ್ಲದಾಗ್ಲೂ
ದಾರಕ್ಕೆ ಮಂಜು ಬಿಡ್ತಿದ್ರು."

ಗೋಣಿಯ ಹಸಿ ವಾಸನೆ ಶೆಡ್ಡು ತುಂಬಿತು.
ಮಧ್ಯಾಹ್ನದ ಹೊತ್ತಿಗೆ ಅವಳು ಕೂತಳು.
ಕಣ್ಣಿಗೆ ಪೊರೆ, ನೋಟ ಎಲ್ಲೋ ಮೋರಿಯ ಕಡೆ,
ತುದಿಗೆ ತುದಿ, ಒಂದು ಸುತ್ತು, ಉಗುರಿನ ಒತ್ತು.
ಎಲ್ಲಿ ಕಟ್ಟಿದಳೆಂದು ನಾವು ಹುಡುಕಿದೆವು,
ನಮ್ಮ ಕಣ್ಣಿಗೆ ಪೊರೆಯಿರಲಿಲ್ಲ, ಆದರೂ ಸಿಗಲಿಲ್ಲ.
ಎಳೆ ಓಡಿತು.

ಓಬಳೇಶನ ಮಗ್ಗದಿಂದ ಮೊದಲು ಇಳಿದದ್ದು
ಎರಡು ಗಜ, ತುಸು ಒರಟು,
ಮಡಿಸಿದರೆ ಒಣ ಎಲೆಯ ಸದ್ದು.
ಬಣ್ಣ ಹಾಕಿಲ್ಲ; ನನ್ನ ಅಂಗಿಯ ಆ ಚುಕ್ಕಿಯದೇ ಬಣ್ಣ.
ಕರಿಬಸಪ್ಪ ಹೆಗಲಿಗೆ ಹಾಕಿಕೊಂಡು ನೋಡಿ
"ನಮ್ಮ ತೋಟದ್ದಾ?" ಎಂದ,
ಮರುವಾರ ದಿಂಡಿಗೆ ಮೂರು ರೂಪಾಯಿ ಕೇಳಿದ.

ಸಾವಿರ ಗಂಟಿಗೆ ಇಷ್ಟು ಎಂದು
ಶನಿವಾರ ಕೂಲಿ ಬರೆಯುತ್ತೇನೆ.
ಹಾಲವ್ವ ಪ್ರತಿ ಸಲ
ಒಂಬೈನೂರ ತೊಂಬತ್ತೊಂಬತ್ತಕ್ಕೆ ಕೈ ಒರೆಸಿಕೊಂಡು ಏಳುತ್ತಾಳೆ.
"ಇನ್ನೊಂದು?" ಎಂದರೆ
"ಅದು ಮಿಲ್ಲಿನೋರ ಹತ್ರ ಐತಿ,
ಬಂದ ದಿನ ಹಾಕ್ತೀನಿ ಬಿಡು."